ಸೈಕಲ್ಲಿನ ಹಿಡಿಕೆಯ ಮೇಲೊಂದು ಕಿರುಗಣಕ: ಆಯ್ಕೆಗೆ ಮುನ್ನ ಅರಿಯಬೇಕಾದುದು

ಬೆಳಗಿನ ಐದೂವರೆಗೆ ಧಾರವಾಡದಿಂದ ಹೊರಟು, ಕೆಲಗೇರಿ ಕೆರೆಯನ್ನು ದಾಟಿ, ಅಳ್ನಾವರದ ದಾರಿಯಲ್ಲಿ ಒಂದಿಷ್ಟು ದೂರ ಸೈಕಲ್ ತುಳಿದು ಹಿಂದಿರುಗುವುದು ನಮ್ಮ ಏಳು ಜನರ ಬಳಗಕ್ಕೆ ಹಲವು ವರ್ಷಗಳ ರೂಢಿ. ನಮ್ಮಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ಔಷಧ ಅಂಗಡಿಯವರಿದ್ದಾರೆ, ಒಕ್ಕಲುತನದವರೂ ಇದ್ದಾರೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳಷ್ಟು ಮಧ್ಯಮ ಪ್ರಮಾಣದ ದೈಹಿಕ ಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾವು ಆ ಲೆಕ್ಕವನ್ನು ನೋಡಿ ಸೈಕಲ್ ಏರಿದವರಲ್ಲ. ಮೈ ಹಗುರಾಗುತ್ತದೆ, ಮನಸ್ಸು ತಿಳಿಯಾಗುತ್ತದೆ ಎಂಬುದಷ್ಟೇ ನಮಗೆ ಸಾಕಾಗಿತ್ತು. ದೂರವನ್ನು ಮೈಲಿಗಲ್ಲು ಹೇಳುತ್ತಿತ್ತು, ಆಯಾಸವನ್ನು ಏದುಸಿರು ಹೇಳುತ್ತಿತ್ತು.

ಕಳೆದ ವರ್ಷ ನಮ್ಮ ಬಳಗದ ಹಿರಿಯರೊಬ್ಬರಿಗೆ ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಅಳವಡಿಸಬೇಕಾಯಿತು. ಅವರಿಗೆ ಆಗ 58 ವರ್ಷ. ಕೆಲವು ತಿಂಗಳ ವಿಶ್ರಾಂತಿಯ ನಂತರ ವೈದ್ಯರು ಟ್ರೆಡ್‌ಮಿಲ್ ಪರೀಕ್ಷೆ ನಡೆಸಿ, ಸೈಕಲ್ ಸವಾರಿಗೆ ಒಪ್ಪಿಗೆ ಕೊಟ್ಟರು. ಆದರೆ ಒಂದು ಷರತ್ತು: ಹೃದಯ ಬಡಿತ ನಿಮಿಷಕ್ಕೆ 115ನ್ನು ಮೀರಕೂಡದು. ಏರುದಾರಿಯಲ್ಲಿ ಕೈಬಿಟ್ಟು ನಾಡಿ ಹಿಡಿದು ಎಣಿಸಲಾಗದು. ಆದ್ದರಿಂದ, ಅದುವರೆಗೆ ಹುಡುಗರ ಆಟಿಕೆಯೆಂದು ನಾವು ಭಾವಿಸಿದ್ದ ಜಿಪಿಎಸ್ ಸೈಕಲ್ ಕಂಪ್ಯೂಟರಿನ ಕಡೆಗೆ ನಮ್ಮ ಗಮನ ಹರಿಯಿತು.

ಅಂಗೈಗಿಂತ ಚಿಕ್ಕದಾದ ಈ ಸಾಧನವನ್ನು ಹಿಡಿಕೆಯ ಮೇಲೆ ಕೂರಿಸುತ್ತಾರೆ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳ ಪೈಕಿ ಕನಿಷ್ಠ ನಾಲ್ಕರ ಸಂಕೇತಗಳನ್ನು ಗ್ರಹಿಸಿ ಅದು ತಾನಿರುವ ಸ್ಥಳವನ್ನು ಗುಣಿಸುತ್ತದೆ; ಅದರಿಂದ ವೇಗ, ದೂರ, ದಾರಿಗಳು ತಿಳಿಯುತ್ತವೆ. ಇಂದಿನ ಬಹುತೇಕ ಸಾಧನಗಳು ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ ಉಪಗ್ರಹಗಳನ್ನೂ ಬಳಸಿಕೊಳ್ಳುತ್ತವೆ. ನಮ್ಮ ದೇಶದ್ದೇ ಆದ ನಾವಿಕ್ ಎಂಬ ಪಥದರ್ಶಕ ವ್ಯವಸ್ಥೆಯೂ ಇದೆ. ಅದರ ಕೇಂದ್ರ ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿದೆ. ದಾರಿಯ ಏರಿಳಿತವನ್ನು ಅಳೆಯಲು ಉತ್ತಮ ಸಾಧನಗಳಲ್ಲಿ ಗಾಳಿಯ ಒತ್ತಡವನ್ನು ಅಳೆಯುವ ಮಾಪಕವೊಂದು ಇರುತ್ತದೆ.

ಇಲ್ಲಿ ಮೊದಲು ಅರಿಯಬೇಕಾದ ಸಂಗತಿಯೆಂದರೆ, ಈ ಸಾಧನ ತಾನಾಗಿ ಹೃದಯ ಬಡಿತವನ್ನು ಅಳೆಯುವುದಿಲ್ಲ. ಅದಕ್ಕೆ ಎದೆಗೆ ಕಟ್ಟುವ ಪಟ್ಟಿ ಬೇರೆಯೇ ಬೇಕು. ಹೃದಯದ ವಿದ್ಯುತ್ ಸ್ಪಂದನವನ್ನು ಗ್ರಹಿಸಿ ಆ ಪಟ್ಟಿ ನಿಸ್ತಂತುವಾಗಿ ಸಂಖ್ಯೆಯನ್ನು ಕಳುಹಿಸುತ್ತದೆ. ಮಣಿಕಟ್ಟಿನ ಗಡಿಯಾರಗಳೂ ಬೆಳಕಿನ ನೆರವಿನಿಂದ ಬಡಿತವನ್ನು ತೋರಿಸುತ್ತವೆಯಾದರೂ, ಹಿಡಿಕೆಯನ್ನು ಬಿಗಿಹಿಡಿದು ಕುಲುಕುವ ರಸ್ತೆಯಲ್ಲಿ ಸಾಗುವಾಗ ಅವು ತಪ್ಪುವುದುಂಟು. ಹೃದಯದ ಕಾರಣಕ್ಕಾಗಿ ಕೊಳ್ಳುವವರು ಎದೆಪಟ್ಟಿಯ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಎರಡನೆಯ ಪಾಠವನ್ನು ನಾವು ಅಳುಕಿನಿಂದಲೇ ಕಲಿತೆವು. ಕೊಳ್ಳುವ ಮುನ್ನ ಪರೀಕ್ಷಿಸೋಣವೆಂದು, ಬಳಗದ ಕಿರಿಯ ಸದಸ್ಯರೊಬ್ಬರ ಸಾಧನವನ್ನು ಹಿರಿಯರ ಸೈಕಲ್ಲಿಗೆ ಕಟ್ಟಿದೆವು. ಸಣ್ಣ ಏರಿನಲ್ಲಿ ಅವರ ಹೃದಯ ಬಡಿತ 125 ಮುಟ್ಟಿತು. ಪರದೆಯಾದರೋ ಅದನ್ನು ಎರಡನೆಯ ವಲಯ, ಅಂದರೆ ಹಗುರವಾದ ಶ್ರಮವೆಂದು ತೋರಿಸುತ್ತಿತ್ತು. ಸಂಖ್ಯೆಗಿಂತ ಬಣ್ಣವನ್ನೇ ನಂಬಿದ ಅವರು ನಿಶ್ಚಿಂತೆಯಿಂದ ತುಳಿಯುತ್ತಲೇ ಇದ್ದರು. ಪಕ್ಕದಲ್ಲಿದ್ದ ಔಷಧ ಅಂಗಡಿಯವರು ಸಂಖ್ಯೆಯನ್ನು ಕಂಡು ಕೂಗಿ ನಿಲ್ಲಿಸಿದರು.

ತಪ್ಪು ಯಂತ್ರದ್ದಲ್ಲ, ನಮ್ಮದು. ಬಳಕೆದಾರರ ವಯಸ್ಸನ್ನು 220ರಿಂದ ಕಳೆದು ಗರಿಷ್ಠ ಬಡಿತವನ್ನು ಊಹಿಸುವುದು ಬಹುಕಾಲದಿಂದ ಬಳಕೆಯಲ್ಲಿರುವ ಸೂತ್ರ. ಆ ಸಾಧನದಲ್ಲಿದ್ದುದು ಅದರ ಒಡೆಯರ 34 ವರ್ಷ. ಗರಿಷ್ಠ 186 ಆಯಿತು. 125 ಅದರ ಶೇಕಡಾ 67ರಷ್ಟೇ. ಹಿರಿಯರ 58 ವರ್ಷವನ್ನೇ ತುಂಬಿದ್ದರೂ ಗರಿಷ್ಠ 162 ಎಂದಾಗಿ, 125 ಅದರ ಶೇಕಡಾ 77ರಷ್ಟಾಗುತ್ತಿತ್ತು. ಯಂತ್ರ ಆಗಲೂ ಮಧ್ಯಮ ಶ್ರಮವೆಂದು ಸಮ್ಮತಿಸುತ್ತಿತ್ತು. ಆದರೆ ನಮ್ಮ ಹಿರಿಯರು ಬೀಟಾ ಬ್ಲಾಕರ್ ಎಂಬ ವರ್ಗದ ಮಾತ್ರೆಯನ್ನು ಸೇವಿಸುತ್ತಾರೆ. ಅದು ಹೃದಯ ಬಡಿತವನ್ನೇ ತಗ್ಗಿಸುವ ಔಷಧ. ಅದನ್ನು ಸೇವಿಸುವವರಿಗೆ ವಯಸ್ಸಿನ ಸೂತ್ರ ಅನ್ವಯಿಸುವುದಿಲ್ಲ. ಪರೀಕ್ಷೆಯ ನಂತರ ವೈದ್ಯರು ಹೇಳಿದ ಮಿತಿಯೊಂದೇ ನಿಜವಾದ ಮಿತಿ. ಇಂಥ ಮಾತ್ರೆ ಸೇವಿಸುವ ಓದುಗರು ಈ ಮಾತನ್ನು ಮರೆಯದಿರಲಿ.

ಅಂದೇ ನಮ್ಮ ಆಯ್ಕೆಯ ಒರೆಗಲ್ಲು ನಿಶ್ಚಯವಾಯಿತು: ನಮಗೆ ಬೇಕಾದ ಮಿತಿಯನ್ನು ನಾವೇ ತುಂಬುವಂತಿರಬೇಕು, ಅದು ಮೀರಿದೊಡನೆ ಸಾಧನ ಎಚ್ಚರಿಸಬೇಕು.

ಮೂರು ಮಾದರಿಗಳು ಕೊನೆಯವರೆಗೆ ಉಳಿದವು. ಗಾರ್ಮಿನ್ ಸಂಸ್ಥೆ 2023ರಲ್ಲಿ ತಂದ ಎಡ್ಜ್ 540 ಮತ್ತು ಎಡ್ಜ್ 840 ಒಡಹುಟ್ಟಿದವುಗಳಂತಿವೆ. ಎರಡರದೂ 2.6 ಇಂಚಿನ ಪರದೆ. ತಯಾರಕರ ಮಾತಿನಂತೆ, ಹೆಚ್ಚು ಬಳಕೆಯಲ್ಲೂ ಬ್ಯಾಟರಿ 26 ಗಂಟೆಗಳವರೆಗೆ ಬಾಳುತ್ತದೆ. ಮುಖ್ಯ ವ್ಯತ್ಯಾಸವೆಂದರೆ 540ಕ್ಕೆ ಗುಂಡಿಗಳು ಮಾತ್ರ, 840ಕ್ಕೆ ಗುಂಡಿಗಳ ಜೊತೆಗೆ ಸ್ಪರ್ಶಪರದೆ. ಬಿಡುಗಡೆಯಾದಾಗ ಅಮೆರಿಕದಲ್ಲಿ ಎರಡರ ಬೆಲೆಯ ಅಂತರ 100 ಡಾಲರ್ ಇತ್ತು. ಮೂರನೆಯದು ವಾಹೂ ಸಂಸ್ಥೆಯ 2021ರ ಎಲಿಮೆಂಟ್ ಬೋಲ್ಟ್. ಅದರ ಪರದೆ 2.2 ಇಂಚು, ಬ್ಯಾಟರಿ 15 ಗಂಟೆ. ತೂಕವೂ ಕಡಿಮೆ, ಬೆಲೆಯೂ ಕಡಿಮೆ. ಪರದೆಯ ಮೇಲಂಚಿನ ದೀಪಗಳ ಸಾಲು ಹೃದಯ ಬಡಿತದ ವಲಯವನ್ನು ತೋರಿಸುವಂತೆ ಹೊಂದಿಸಬಹುದೆಂಬುದು ಅದರ ವಿಶೇಷ. ಅದರ ಹೊಂದಾಣಿಕೆಗಳನ್ನು ಬಹುಪಾಲು ಮೊಬೈಲಿನ ಮೂಲಕವೇ ಮಾಡಬೇಕು. ಮೊಬೈಲ್ ಬಳಕೆಯಲ್ಲಿ ನುರಿತವರಿಗೆ ಇದೇ ಸುಲಭ. ನಮ್ಮ ಹಿರಿಯರಿಗೆ ಇದೇ ತೊಡಕು.

ಸ್ಪರ್ಶಪರದೆಯಲ್ಲಿ ನಕ್ಷೆಯನ್ನು ಬೆರಳಿನಿಂದ ಸರಿಸಿ ನೋಡುವುದು ಸುಖವೇ. ಆದರೆ ಧಾರವಾಡದ ಜಿಟಿಜಿಟಿ ಮಳೆಯಲ್ಲಿ, ಬೆವರಿದ ಬೆರಳಿಗೆ ಗುಂಡಿಯೇ ವಾಸಿ. ಈ ಮೂರೂ ಮಾದರಿಗಳು ಮಳೆಯನ್ನು ತಾಳಿಕೊಳ್ಳುತ್ತವೆ. ಇನ್ನು ಬ್ಯಾಟರಿಯ ವಿಷಯ. ದಿನಕ್ಕೆ ಎರಡು ಗಂಟೆ ತುಳಿಯುವವರಿಗೆ 15 ಗಂಟೆ ಧಾರಾಳ. ಬ್ರೆವೆ ಎಂಬ ದೂರಸವಾರಿಗೆ ಹೋಗುವವರ ಮಾತು ಬೇರೆ. ಅಲ್ಲಿ 300 ಕಿಲೋಮೀಟರಿಗೆ 20 ಗಂಟೆ, 600 ಕಿಲೋಮೀಟರಿಗೆ 40 ಗಂಟೆ ಕಾಲಮಿತಿ ಇರುತ್ತದೆ. ಅಂಥವರು ದೀರ್ಘಬಾಳಿಕೆಯ ಮಾದರಿಗೆ ಹೆಚ್ಚು ಹಣ ಕೊಡುವುದು ನ್ಯಾಯವೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತನ್ನು ಇಲ್ಲಿ ತುಸು ತಿರುಗಿಸಿ ಹೇಳಬೇಕು: ಕಾಲು ಇದ್ದಷ್ಟೇ ಹಾಸಿಗೆ ಕೊಳ್ಳಬೇಕು.

ಮನೆಯವರ ನೆಮ್ಮದಿಯೂ ಒಂದು ಅಂಶ. ಸವಾರನು ಎಲ್ಲಿದ್ದಾನೆಂದು ಮನೆಯವರು ಮೊಬೈಲಿನಲ್ಲಿ ನೋಡುವ ಸೌಕರ್ಯ ಈ ಸಾಧನಗಳಲ್ಲಿದೆ. ಬಿದ್ದರೆ ಆಪ್ತರಿಗೆ ಸಂದೇಶ ಹೋಗುವ ವ್ಯವಸ್ಥೆ ಗಾರ್ಮಿನ್ ಮಾದರಿಗಳಲ್ಲಿದೆ. ಆದರೆ ಇವೆಲ್ಲವೂ ಜೇಬಿನಲ್ಲಿರುವ ಮೊಬೈಲನ್ನೂ ಅದಕ್ಕೆ ಸಿಗುವ ಸಂಕೇತವನ್ನೂ ಅವಲಂಬಿಸಿವೆ. ಕಾಡುದಾರಿಯಲ್ಲಿ ಸಂಕೇತ ಕಡಿದರೆ ಸಂದೇಶವೂ ಕಡಿಯಿತು. ಆದ್ದರಿಂದ ಹೃದ್ರೋಗದಿಂದ ಚೇತರಿಸಿಕೊಂಡವರು ಒಂಟಿಯಾಗಿ ಹೋಗದಿರುವುದೇ ಲೇಸು. ಎದೆಯಲ್ಲಿ ನೋವು, ತಲೆಸುತ್ತು, ಎಂದಿಲ್ಲದ ಏದುಸಿರು ಕಂಡರೆ ಪರದೆಯ ಸಂಖ್ಯೆ ಎಷ್ಟೇ ಇರಲಿ, ತಕ್ಷಣ ನಿಂತು ವೈದ್ಯರ ನೆರವು ಪಡೆಯಬೇಕು. ಯಂತ್ರ ಎಣಿಸಬಲ್ಲುದು ಬಡಿತವನ್ನು. ನೋವು ಅದಕ್ಕೆ ತಿಳಿಯದು.

ಹಿರಿಯರು ಕೊನೆಗೆ ಎಡ್ಜ್ 540ನ್ನು ಕೊಂಡರು. ದಾರಿಯಿಂದ ಕಣ್ಣು ತೆಗೆಯದೆ ಕಿವಿಯಿಂದಲೇ ಎಚ್ಚರಿಕೆ ಪಡೆಯಬಹುದು, ಮಿತಿಯನ್ನು ಸಾಧನದಲ್ಲೇ ತುಂಬಬಹುದು ಎಂಬುದೇ ಕಾರಣ. ಅಂಗಡಿಯಿಂದ ತಂದ ದಿನವೇ ನಾವೆಲ್ಲ ಕೂಡಿ ಕುಳಿತು ಅದರಲ್ಲಿ 115 ಎಂದು ತುಂಬಿದೆವು.

ಮೊದಲ ಸವಾರಿಯಲ್ಲಿ ಅದೇ ಏರು ಎದುರಾಯಿತು. ಅರ್ಧ ಏರುವಷ್ಟರಲ್ಲಿ ಸಾಧನ ದನಿಗೈದಿತು. ಹಿಂದೆಲ್ಲ ನಮ್ಮನ್ನು ಬಿಟ್ಟು ಮುಂದೆ ಸಾಗುತ್ತಿದ್ದ ಹಿರಿಯರು ಒಂದು ಕ್ಷಣ ಹಲ್ಲುಕಚ್ಚಿ, ಬಳಿಕ ಸೈಕಲ್ಲಿನಿಂದ ಇಳಿದರು, ತಳ್ಳಿಕೊಂಡು ನಡೆಯತೊಡಗಿದರು. ಅವರ ಮುಖದ ಸಂಕೋಚವನ್ನು ಕಂಡು ನಾವೂ ಇಳಿದೆವು. ಏಳು ಸೈಕಲ್ಲುಗಳನ್ನು ತಳ್ಳುತ್ತ, ಮಾತಾಡುತ್ತ ಏರಿನ ತುದಿ ಮುಟ್ಟುವ ಹೊತ್ತಿಗೆ ಪರದೆಯಲ್ಲಿ 96 ಎಂದಿತ್ತು. ಈಗಲೂ ಆ ಏರನ್ನು ನಾವು ನಡೆದೇ ಹತ್ತುತ್ತೇವೆ.