ಬರಲಿರುವ ಅರಸ ಮತ್ತು ಚಿತ್ರದ ಅರಸ: ಕಾಲಜ್ಞಾನದ ರಾಜಕೀಯ ಅರ್ಥ

ಕಾಲಜ್ಞಾನವೆಂದರೆ ಮುಂದಾಗುವುದನ್ನು ಮೊದಲೇ ನುಡಿದಿಡುವ ಸಾಹಿತ್ಯ ಪ್ರಕಾರವೆಂಬುದು ರೂಢಿಯ ತಿಳಿವಳಿಕೆ. ಭಕ್ತವಲಯದಲ್ಲಿ 'ನುಡಿದದ್ದು ನಡೆಯಿತೆ?' ಎಂಬ ಪ್ರಶ್ನೆ ಮುಖ್ಯವಾದರೆ, ವಿದ್ವತ್ ವಲಯದಲ್ಲಿ ಅದನ್ನು ನಂಬಿಕೆಯ ಸರಕೆಂದು ಬದಿಗಿರಿಸುವ ಪ್ರವೃತ್ತಿಯಿದೆ. ಈ ಎರಡು ನಿಲುವುಗಳೂ ಪ್ರಭುತ್ವವನ್ನು ಧರ್ಮವು ಹೇಗೆ ಅಳೆಯಿತೆಂಬುದಕ್ಕೆ ಈ ಪಠ್ಯಗಳು ಒದಗಿಸುವ ಸಾಕ್ಷ್ಯವನ್ನು ಮರೆಮಾಡುತ್ತವೆ.

ವಿರೂಪಾಕ್ಷ ಪಂಡಿತನ 'ಚೆನ್ನಬಸವಪುರಾಣ' (1584) ಇದಕ್ಕೆ ಉತ್ತಮ ನಿದರ್ಶನ. ಇಲ್ಲಿ ಹೇಳುವವನು ಹನ್ನೆರಡನೆಯ ಶತಮಾನದ ಚೆನ್ನಬಸವಣ್ಣ, ಕೇಳುವವನು ಸಿದ್ಧರಾಮ. ಆದ್ದರಿಂದ 1565ರ ರಕ್ಕಸತಂಗಡಿ ಯುದ್ಧ ಮತ್ತು ವಿಜಯನಗರದ ಪತನಗಳು ನಿರೂಪಕನಿಗೆ ಭವಿಷ್ಯ. ಕವಿಗಾದರೋ ಹತ್ತೊಂಬತ್ತು ವರ್ಷಗಳ ಹಿಂದಿನ ನೆನಪು. ಅಲ್ಲಿಯವರೆಗೆ ಗುರುತಿಸಬಲ್ಲ ಘಟನೆಗಳನ್ನು ಹೇಳುವ ನುಡಿ, ಅನಂತರ ವೀರವಸಂತರಾಯನೆಂಬ ಅರಸನು ಬಂದು ಕಲ್ಯಾಣವನ್ನು ಮತ್ತೆ ಸ್ಥಾಪಿಸುವನೆಂಬ ನಿರೀಕ್ಷೆಯಾಗಿ ಮಾರ್ಪಡುತ್ತದೆ. ಚರಿತ್ರೆ ನಿಂತು ಆಸೆ ಮೊದಲಾಗುವ ಈ ಸಂಧಿಯೇ ಕಾಲಜ್ಞಾನ ಪಠ್ಯದ ಕಾಲನಿರ್ಣಯಕ್ಕೆ ದೊರೆಯುವ ಒಳಸಾಕ್ಷ್ಯ.

ತುಮಕೂರು ಪ್ರದೇಶಕ್ಕೆ ಈ ವಿಷಯ ದೂರದ್ದಲ್ಲ. ಕುಣಿಗಲ್ ತಾಲ್ಲೂಕಿನ ಎಡೆಯೂರು ತೋಂಟದ ಸಿದ್ಧಲಿಂಗಯತಿಯ ಸಮಾಧಿಸ್ಥಾನ. ತುಮಕೂರು ನಗರಕ್ಕೆ ಹೊಂದಿದ ಗೂಳೂರು, ಶೂನ್ಯಸಂಪಾದನೆಯ ಪರಿಷ್ಕರ್ತೃಗಳಲ್ಲಿ ಒಬ್ಬನಾದ ಸಿದ್ಧವೀರಣ್ಣೊಡೆಯನ ಊರು. ಗುಬ್ಬಿಯ ಮಲ್ಲಣಾರ್ಯನು 'ಭಾವಚಿಂತಾರತ್ನ'ವನ್ನು (1513) ರಚಿಸಿದ್ದು ಕೃಷ್ಣದೇವರಾಯನ ಆಳ್ವಿಕೆಯಲ್ಲಿ. ಅಲ್ಲಿಂದ ಚೆನ್ನಬಸವಪುರಾಣಕ್ಕೆ 71 ವರ್ಷಗಳ ಅಂತರ. ಈ ಅವಧಿಯಲ್ಲಿ ವೀರಶೈವ ಸಾಹಿತ್ಯಕ್ಕೆ ನೆಲೆಯಾಗಿದ್ದ ರಾಜಧಾನಿಯೇ ಅಳಿಯಿತು. ಆಳುತ್ತಿರುವ ಅರಸನಲ್ಲಿ ಇರಿಸಲಾಗದ ಭರವಸೆಯನ್ನು ಕಾಲಜ್ಞಾನವು ಬರಲಿರುವ ಅರಸನಲ್ಲಿ ಇರಿಸಿತು.

ದೇವಾಲಯದ ಚಿತ್ರಗಳು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ. ತುಮಕೂರು-ಶಿರಾ ಮಾರ್ಗದ ಸೀಬಿ ನರಸಿಂಹಸ್ವಾಮಿ ದೇವಾಲಯವನ್ನು ಟಿಪ್ಪುವಿನ ಅಧಿಕಾರಿಯಾಗಿದ್ದ ಕಚೇರಿ ಕೃಷ್ಣಪ್ಪನ ಮಕ್ಕಳಾದ ಲಕ್ಷ್ಮೀನರಸಪ್ಪ, ಪುಟ್ಟಣ್ಣ, ನಲ್ಲಪ್ಪ ಇವರು ಕಟ್ಟಿಸಿದರು. ಅದರ ಛಾವಣಿಯಲ್ಲಿ ಪುರಾಣದೃಶ್ಯಗಳೊಡನೆ ದರ್ಬಾರಿನ ದೃಶ್ಯಗಳೂ ಇವೆ. ದೇವರ ಸನ್ನಿಧಿಯಲ್ಲಿ ಬರೆಯಿಸಿಕೊಂಡ ಅಧಿಕಾರವು ಇಂದಿನ ವ್ಯವಸ್ಥೆಯೇ ಶಾಶ್ವತವೆಂದು ಸಾರುತ್ತದೆ. ಚಿತ್ರವು ಪ್ರಭುತ್ವಕ್ಕೆ ಮುಖವನ್ನು ಕೊಡುತ್ತದೆ. ಕಾಲಜ್ಞಾನವು ಮುಖವಿಲ್ಲದ ಅರಸನನ್ನು ಕಾಯುತ್ತದೆ.

ಈ ಎರಡು ಪ್ರವೃತ್ತಿಗಳು ಪೂರ್ವದ ಆರ್ಥಡಾಕ್ಸ್ ಕ್ರೈಸ್ತ ಪರಂಪರೆಯಲ್ಲಿಯೂ ಜೊತೆಜೊತೆಗೆ ಕಾಣಿಸುತ್ತವೆ. ಕಾನ್‌ಸ್ಟಾಂಟಿನೋಪಲ್‌ನ ಹಾಗಿಯಾ ಸೋಫಿಯಾದಲ್ಲಿ ಕ್ರಿಸ್ತನ ಇಕ್ಕೆಲಗಳಲ್ಲಿ ರಾಣಿ ಜೋಯಿ ಮತ್ತು ಅವಳ ಮೂರನೆಯ ಪತಿ ಒಂಬತ್ತನೆಯ ಕಾನ್‌ಸ್ಟಂಟೈನ್ ನಿಂತಿರುವ ಹನ್ನೊಂದನೆಯ ಶತಮಾನದ ಮೊಸಾಯಿಕ್ ಚಿತ್ರವಿದೆ. ಅದರಲ್ಲಿ ಅರಸನ ಮುಖವನ್ನೂ ಹೆಸರನ್ನೂ ಬದಲಿಸಿದ ಗುರುತುಗಳಿವೆ: ಪೀಠ ಉಳಿಯಿತು, ಮುಖ ಬದಲಾಯಿತು. ಏಳನೆಯ ಶತಮಾನದ ಕೊನೆಯಲ್ಲಿ, ಅರಬರ ವಿಜಯಗಳ ತರುವಾಯ, ಮೆಥೋಡಿಯಸ್‌ನ ಹೆಸರಿನಲ್ಲಿ ಸಿರಿಯಾಕ್ ಭಾಷೆಯಲ್ಲಿ ರಚಿತವಾದ ಭವಿಷ್ಯವಾಣಿಯಾದರೋ, ಶತ್ರುಗಳನ್ನು ಗೆದ್ದು ಕಡೆಗೆ ಕಿರೀಟವನ್ನು ಶಿಲುಬೆಯ ಮೇಲಿರಿಸಿ ರಾಜ್ಯವನ್ನು ದೇವರಿಗೆ ಒಪ್ಪಿಸುವ ಕೊನೆಯ ಚಕ್ರವರ್ತಿಯನ್ನು ಕಲ್ಪಿಸಿತು. ಎರಡೂ ಪರಂಪರೆಗಳಲ್ಲಿ ಸೋಲಿನ ಅನುಭವವೇ ಭವಿಷ್ಯದ ಅರಸನನ್ನು ಸೃಷ್ಟಿಸಿದೆ. ಆದರೆ ಅಲ್ಲಿನ ಅರಸನು ರಾಜ್ಯವನ್ನು ತ್ಯಜಿಸುವವನು. ವಸಂತರಾಯನು ಹಾಳಾದ ಕಲ್ಯಾಣವನ್ನು ಕಟ್ಟುವವನು. ಶರಣರ ಆದರ್ಶವು ಲೋಕದ ಕೊನೆಯನ್ನಲ್ಲ, ಲೋಕದೊಳಗಿನ ಪಟ್ಟಣವೊಂದರ ಪುನರುತ್ಥಾನವನ್ನು ಬಯಸಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮುಖವಿಲ್ಲದ ಅರಸನಿಗೆ ಯಾವ ಕಾಲದವರೂ ತಮಗೆ ಬೇಕಾದ ಮುಖವನ್ನು ತೊಡಿಸಬಹುದು. ಆದುದರಿಂದ ಕಾಲಜ್ಞಾನದ ಹಸ್ತಪ್ರತಿಗಳನ್ನು ಸಂಪಾದಿಸುವವರು ನಡುವೆ ಸೇರಿದ ಅರಸರ ಹೆಸರುಗಳನ್ನು ಪ್ರಕ್ಷಿಪ್ತವೆಂದು ಕಿತ್ತೆಸೆಯದೆ, ಪ್ರತಿಯ ಕಾಲದೊಡನೆ ದಾಖಲಿಸುವುದು ಅಗತ್ಯ. ಆ ಸೇರ್ಪಡೆಗಳೇ ಒಂದೊಂದು ತಲೆಮಾರು ತನ್ನನ್ನು ಆಳಿದವರ ಬಗ್ಗೆ ಕೊಟ್ಟ ತೀರ್ಪುಗಳಾಗಿವೆ.