ಮೇರಿ ಬರೆದ ಕಾಗದಗಳು

‘ಡ್ಯಾಫೊಡಿಲ್ಸ್’ ಪದ್ಯವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ ನಮಗೆ ವರ್ಡ್ಸ್‌ವರ್ತ್ ಗೊತ್ತು, ಅವನ ಹೆಂಡತಿ ಮೇರಿ ಗೊತ್ತಿಲ್ಲ. ಆ ಪದ್ಯದ ಅತ್ಯುತ್ತಮ ಸಾಲುಗಳೆರಡೂ ಮೇರಿಯವು ಎಂದು ಕವಿಯೇ ಹೇಳಿದ್ದ. ಆಕೆಯ ಬರವಣಿಗೆಯ ಕಸುವು ತಿಳಿಯಬೇಕಾದರೆ ಇಂಗ್ಲೆಂಡಿನ ಗ್ರಾಸ್ಮಿಯರ್‌ನಲ್ಲಿರುವ ಕಾಗದಗಳನ್ನು ನೋಡಬೇಕು.

ಅಲ್ಲಿ ಕವಿ 1799ರಿಂದ 1808ರವರೆಗೆ ಬಾಳಿದ ಮನೆ ಡವ್ ಕಾಟೇಜ್ 1891ರಿಂದ ಸಾರ್ವಜನಿಕರಿಗೆ ತೆರೆದಿದೆ. ಮನೆತನದ ಹಸ್ತಪ್ರತಿಗಳು ಮೊಮ್ಮಗ ಗಾರ್ಡನ್ ವರ್ಡ್ಸ್‌ವರ್ತ್‌ನಿಂದ 1935ರಲ್ಲಿ ಆ ಮನೆಯನ್ನು ನೋಡಿಕೊಳ್ಳುವ ಟ್ರಸ್ಟಿಗೆ ಬಂದವು. 2005ರಲ್ಲಿ ತೆರೆದ ಜೆರ್ವುಡ್ ಸೆಂಟರ್ ಈಗ ಅವುಗಳ ಮನೆ.

ಗಂಡ ಹೆಂಡಿರ 30ಕ್ಕೂ ಹೆಚ್ಚು ಪತ್ರಗಳು ಮಾತ್ರ ಬೇರೆ ದಾರಿಯಿಂದ ಬಂದವು. 1977ರಲ್ಲಿ ಕಾರ್ಲೈಲ್‌ನ ಅಂಚೆಚೀಟಿ ವ್ಯಾಪಾರಿಯೊಬ್ಬನ ಕೈಗೆ ಸಿಕ್ಕ ಹಳೆಯ ಕಾಗದದ ಕಟ್ಟಿನಲ್ಲಿ ಅವು ಇದ್ದವು. 1840ಕ್ಕೆ ಮೊದಲು ಅಂಚೆಚೀಟಿಯೇ ಇರಲಿಲ್ಲ. ಹಾಳೆಯನ್ನೇ ಮಡಿಚಿ, ಅರಗು ಒತ್ತಿ, ಹೊರಮೈಯಲ್ಲಿ ವಿಳಾಸ ಬರೆಯುತ್ತಿದ್ದರು. ಹಾಳೆ ಹೆಚ್ಚಿದಂತೆ, ದೂರ ಹೆಚ್ಚಿದಂತೆ ದರವೂ ಏರುತ್ತಿತ್ತು. ಸಾಮಾನ್ಯವಾಗಿ ದುಡ್ಡು ತೆರಬೇಕಾದವರು ಕಾಗದ ಪಡೆದವರೇ. ಅಂಚೆಮುದ್ರೆಯ ಆಸೆಗೆ ಸಂಗ್ರಾಹಕರು ಕೊಳ್ಳುತ್ತಿದ್ದ ಇಂಥ ಹಾಳೆಗಳ ಒಳಗೆ ಒಂದು ಸಂಸಾರವೇ ಇತ್ತು.

1810ರ ಬೇಸಿಗೆ. ಮದುವೆಯಾಗಿ ಸುಮಾರು ಎಂಟು ವರ್ಷ, ಐದು ಮಕ್ಕಳು, ಕೊನೆಯದು ಇನ್ನೂ ಹಸುಗೂಸು. ಕವಿಯ ತಂಗಿ ಡೊರೊತಿ, ಮೇರಿಯ ತಂಗಿ ಸಾರಾ ಕೂಡ ಆ ಮನೆಯವರೇ. ಬಂದ ಕಾಗದ ಎಲ್ಲರದೂ. ಅಂಥ ಮನೆಗೆ, ಊರಿಗೆ ಹೋದ ಗಂಡ ಹೆಂಡತಿಯೊಬ್ಬಳಿಗೇ ಎಂದು ಮನಸ್ಸು ಬಿಚ್ಚಿ ಬರೆದ. ನಿನ್ನ ಒಳಗನ್ನು ಕಾಗದದ ಮೇಲೆ ಕಂಡದ್ದು ನನಗೆ ತೀರ ಹೊಸದು, ನಿರೀಕ್ಷಿಸಿಯೇ ಇರಲಿಲ್ಲ ಎಂದು ಮೇರಿ ತಡೆಯಲಾರದ ಸಂತೋಷದಲ್ಲಿ ಮಾರುತ್ತರ ಕೊಟ್ಟಳು. ಮಾತು ಕಡಿಮೆಯ ಗೃಹಿಣಿ ಎಂದು ಲೋಕ ಬಗೆದಿದ್ದವಳು ಈಕೆ.

1812ರಲ್ಲಿ ಅವನು ಲಂಡನ್ನಿನಲ್ಲಿ, ಅವಳು ವೇಲ್ಸಿನಲ್ಲಿ ತಮ್ಮನ ಮನೆಯಲ್ಲಿ. ಜೂನ್ 4ರಂದು ಗ್ರಾಸ್ಮಿಯರ್‌ನಲ್ಲಿ ಮೂರು ವರ್ಷದ ಕ್ಯಾಥರೀನ್ ತೀರಿಕೊಂಡಳು. ಸುದ್ದಿಯೂ ಕಾಗದದಲ್ಲೇ ಹೋಗಬೇಕಿದ್ದ ಕಾಲ. ಹೆತ್ತವರು ಬರುವ ಮೊದಲೇ ಮಗುವನ್ನು ಮಣ್ಣುಮಾಡಿಯಾಗಿತ್ತು.

ವ್ಯಾಪಾರಿಗೆ ಸಿಕ್ಕ ಈ ಪತ್ರಗಳು ಹರಾಜಿಗೆ ಬಂದಾಗ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಕೊಂಡಿತು. ದೇಶದಾಚೆ ಒಯ್ಯಲು ಪರವಾನಗಿ ಸಿಗದೆ ಅವು ಗ್ರಾಸ್ಮಿಯರ್‌ನ ಟ್ರಸ್ಟಿಗೆ ಸೇರಿದವು. 1981ರಲ್ಲಿ ಬೆತ್ ಡಾರ್ಲಿಂಗ್ಟನ್ ಸಂಪಾದಿಸಿ ಪ್ರಕಟಿಸಿದರು.

ನಮ್ಮಲ್ಲೂ ಬಂದ ಕಾಗದಗಳನ್ನು ತಂತಿಗೆ ಚುಚ್ಚಿ ತೂಗುಹಾಕುತ್ತಿದ್ದರು. ಕವಿ ಕಣ್ಮರೆಯಾದ ಮೇಲೆ ಕವಿತೆಯ ಕರಡನ್ನು ಜೋಪಾನ ಮಾಡುವವರು ಸಿಗುತ್ತಾರೆ. ಹೆಂಡತಿ ಬರೆದ ಕ್ಷೇಮಸಮಾಚಾರ ಮನೆ ಖಾಲಿ ಮಾಡುವಾಗ ರದ್ದಿಯ ತಕ್ಕಡಿಗೆ ಬೀಳುವುದುಂಟು. ಅಂಥ ಕಟ್ಟು ನಿಮ್ಮ ಅಟ್ಟದಲ್ಲಿದ್ದರೆ, ತೂಕಕ್ಕೆ ಹಾಕುವ ಮುನ್ನ ಬಿಡಿಸಿ ಓದಿ.