ಅಂಕವು ಏನನ್ನು ಅಳೆಯುತ್ತದೆ?

ರಾಯಚೂರಿನ ಬಿಸಿಲು ನಾಡಿನಲ್ಲೆಲ್ಲ ಪ್ರಸಿದ್ಧವಾದುದು. ಅಲ್ಲಿಯ ಗಾಳಿಯ ಉಷ್ಣತೆಯನ್ನು ತಿಳಿಯಬೇಕಾದರೆ ನಾವು ಉಷ್ಣಮಾಪಕವನ್ನು ಬಿಸಿಲಿನಲ್ಲಿಡುವುದಿಲ್ಲ. ಗಾಳಿಯಾಡುವ ಬಿಳಿಯ ಪೆಟ್ಟಿಗೆಯ ನೆರಳಿನಲ್ಲಿಡುತ್ತೇವೆ. ಬಿಸಿಲಿನಲ್ಲಿಟ್ಟ ಮಾಪಕವು ಗಾಳಿಯ ಉಷ್ಣತೆಯನ್ನಲ್ಲ, ತಾನು ಕಾದುದನ್ನೇ ತೋರಿಸುತ್ತದೆ. ಪರೀಕ್ಷೆಯ ಅಂಕವೂ ಒಂದು ಮಾಪಕವೇ. ಅದು ವಿದ್ಯಾರ್ಥಿಯ ಬುದ್ಧಿಯನ್ನು ಮಾತ್ರ ಅಳೆಯುವುದೋ, ಮನೆಯ ಬಡತನವನ್ನೂ ಅಳೆಯುವುದೋ?

2011ರ ಜನಗಣತಿಯಂತೆ ಕರ್ನಾಟಕದಲ್ಲಿ ನೂರಕ್ಕೆ 75 ಮಂದಿ ಅಕ್ಷರಸ್ಥರು; ರಾಯಚೂರು ಜಿಲ್ಲೆಯಲ್ಲಿ ಸುಮಾರು 60. ಜಿಲ್ಲೆಯ ಸ್ತ್ರೀಯರಲ್ಲಿ ಈ ಸಂಖ್ಯೆ 49ನ್ನೂ ಮುಟ್ಟಲಿಲ್ಲ. ದೇವದುರ್ಗ ಮತ್ತು ಮಾನ್ವಿಗಳನ್ನು ಡಾ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. ಇದರ ಅರ್ಥವೇನು? ಅಲ್ಲಿಯ ಸರ್ಕಾರಿ ಶಾಲೆಯ ಎಷ್ಟೋ ಮಕ್ಕಳಿಗೆ ಪಾಠವನ್ನು ಮನೆಯಲ್ಲಿ ಹೇಳಿಕೊಡುವವರಿಲ್ಲ. ಹತ್ತಿ ಬಿಡಿಸುವ ಕಾಲ ಬಂದರೆ ಹೊಲ ಕರೆಯುತ್ತದೆ. ಕೂಲಿಯನ್ನರಸಿ ತಂದೆತಾಯಿಗಳು ಬೆಂಗಳೂರಿಗೆ ಹೊರಟರೆ ಮಕ್ಕಳ ಹಾಜರಿ ಕಡಿಯುತ್ತದೆ. ರಾಯಚೂರು ನಗರದ ಕೂಲಿಕಾರರ ಕೇರಿಗಳಲ್ಲಿಯೂ ಓದಲು ಒಂದು ಮೂಲೆ ಸಿಗುವುದು ದುರ್ಲಭ.

ಬಡತನವು ಸಮಯವನ್ನಷ್ಟೇ ಅಲ್ಲ, ಗಮನವನ್ನೂ ಕಸಿಯಬಲ್ಲುದೆಂಬುದಕ್ಕೆ ಒಂದು ಪ್ರಯೋಗವುಂಟು. ತಮಿಳುನಾಡಿನ 464 ಮಂದಿ ಕಬ್ಬಿನ ಬೆಳೆಗಾರರನ್ನು ಸಂಶೋಧಕರು ಎರಡು ಸಲ ಪರೀಕ್ಷಿಸಿದರು: ಕಟಾವಿಗೆ ಮುಂಚೆ, ಕೈ ಬರಿದಾಗಿದ್ದಾಗ ಒಮ್ಮೆ, ಕಟಾವಾಗಿ ಹಣ ಬಂದ ಮೇಲೆ ಮತ್ತೊಮ್ಮೆ. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅದೇ ಜನರು ಹಣವಿದ್ದಾಗ ಹೆಚ್ಚು ಚೆನ್ನಾಗಿ ಉತ್ತರಿಸಿದ್ದರು. ಮನುಷ್ಯರು ಬದಲಾಗಿರಲಿಲ್ಲ, ಚಿಂತೆಯ ಭಾರ ಇಳಿದಿತ್ತು. ಅವರು ವಯಸ್ಕರೆಂಬುದು ನಿಜ. ಆದರೂ ಮಕ್ಕಳ ವಿಷಯದಲ್ಲಿ ನಾವು ಯೋಚಿಸಲು ಇದು ಸಾಕು.

ಹೊಟ್ಟೆಯ ಮಾತೂ ಹೀಗೆಯೇ. ಆಹಾರದಲ್ಲಿ ಕಬ್ಬಿಣದ ಅಂಶ ಸಾಲದಾದರೆ ರಕ್ತದಲ್ಲಿ ಹಿಮೊಗ್ಲೋಬಿನ್ ಕುಗ್ಗುತ್ತದೆ. ಆಮ್ಲಜನಕದ ಸಾಗಣೆ ತಗ್ಗಿ ದಣಿವು ಆವರಿಸುತ್ತದೆ. ಇಂತಹ ಮಗುವನ್ನು ನಾವು ಸೋಮಾರಿಯೆಂದು ಕರೆದುಬಿಡುತ್ತೇವೆ! 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟವು ಮೊದಲು ಆರಂಭವಾದ ಜಿಲ್ಲೆಗಳಲ್ಲಿ ರಾಯಚೂರೂ ಒಂದಾಗಿದ್ದುದು ಉಚಿತವೇ ಆಗಿತ್ತು.

ಹಾಗಾದರೆ ಅಂಕವು ಸುಳ್ಳೇ? ಅಲ್ಲ. ಗಣಿತದಲ್ಲಿ 30 ಅಂಕ ಪಡೆದವಳು ಇನ್ನೂ ಗಣಿತವನ್ನು ಕಲಿಯಬೇಕಾಗಿದೆ. ಆದರೆ ಅವಳು ಕಲಿಯಲಾರಳೆಂದು ಆ ಅಂಕ ಹೇಳುವುದಿಲ್ಲ. ಈ ಎರಡು ಮಾತುಗಳ ಭೇದವನ್ನರಿಯದೆ ಎಷ್ಟು ಹುಡುಗಿಯರು ತಮ್ಮನ್ನು ದಡ್ಡರೆಂದು ನಂಬಿ ಶಾಲೆಯನ್ನು ಬಿಟ್ಟಿರಬಹುದು! ಮಾಪಕಕ್ಕೆ ನೆರಳನ್ನು ಕಲ್ಪಿಸಿದ ನಾವು ಮಕ್ಕಳಿಗೂ ಅದನ್ನು ಕಲ್ಪಿಸಬೇಡವೇ?